ಐದನೇ ಕ್ರಾಸಿನ ಹತ್ತನೆಯ ಮನೆ

1999ರ ಮಾರ್ಚ್ 21, ಭಾನುವಾರ. ಯುಗಾದಿ ಮುಗಿದು ಮೂರು ದಿನವಾಗಿತ್ತು. ಆ ದಿನದ ಪುಟದಲ್ಲಿ ನಾನು ಬರೆದಿರುವುದು ಮೂರೇ ವಾಕ್ಯ: ‘ಚಿಕ್ಕಪ್ಪ ಬಂದ. ಶಿವಮೊಗ್ಗಕ್ಕೆ ಬಂದುಬಿಡಿ ಎಂದ. ಒಬ್ಬಟ್ಟು ಆರು ತಿಂದ.’

ಬಂದುಬಿಡಿ ಎಂದದ್ದು ಎರಡು ದಿನ ಇದ್ದು ಹೋಗುವುದಕ್ಕಲ್ಲ, ಸಂಸಾರ ಎತ್ತಿಕೊಂಡು ಬರುವುದಕ್ಕೆ. ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ಜುಲೈ ಕೊನೆಗೆ ಅವರ ನಿವೃತ್ತಿ, ದೀಪಾವಳಿಯೊಳಗೆ ಮನೆ ಖಾಲಿ ಮಾಡಬೇಕು. ಆಮೇಲೆ ಎಲ್ಲಿಗೆ ಎನ್ನುವುದೇ ಆ ವರ್ಷ ನಮ್ಮ ಮನೆಯ ಊಟದ ಹೊತ್ತಿನ ಮಾತು. ಅಪ್ಪನಿಗೆ ಬರುವ ಗಂಟು ಒಂದು ಸಲದ್ದು. ಅದನ್ನು ಒಂದು ಕಡೆ ಹಾಕಿದರೆ ಮತ್ತೆ ತೆಗೆಯುವ ಹಾಗಿಲ್ಲ.

ಅಪ್ಪನ ಸಂಬಳ ನಿಂತ ಮೇಲೆ ಮನೆ ನಡೆಯಬೇಕಾದದ್ದು ಅಮ್ಮನ ಹೊಲಿಗೆ ಮೆಷಿನ್ನಿನಿಂದ. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು. ಅಮ್ಮ ಹದಿನಾರು ವರ್ಷದಿಂದ ನಮ್ಮ ಕ್ವಾರ್ಟರ್ಸ್ ಲೈನಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಗಂಡಸರು ಎರಡು ಗಂಟೆಯ ಶಿಫ್ಟಿಗೆ ಹೋದರೆ ಹೆಂಗಸರು ನಮ್ಮ ಮನೆಗೆ ಬರುತ್ತಿದ್ದರು. ಟೇಪು ಹಿಡಿದು ಅಳತೆ ತೆಗೆಯುವ ಪದ್ಧತಿಯೇ ಇರಲಿಲ್ಲ. ಸರಿಯಾಗಿ ಕೂರುವ ಒಂದು ಹಳೇ ರವಿಕೆಯನ್ನು ಅಳತೆಗೆಂದು ಅಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದರು, ಅದು ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು. ನಾನು ಎಣಿಸಿದಾಗ ಅಂಥವು ಐವತ್ತೆರಡು ಇದ್ದವು. ಯಾವುದರ ಮೇಲೂ ಚೀಟಿಯಿಲ್ಲ. ಮಡಿಕೆ ನೋಡಿದರೆ ಸಾಕು, ಯಾರದೆಂದು ಅಮ್ಮ ಹೇಳುತ್ತಿದ್ದಳು. ಆ ಮಾರ್ಚಿನಲ್ಲಿ ಹೊಲಿದ ರವಿಕೆ ನಲವತ್ತೊಂದು, ಲಂಗ ಆರು. ಇದೂ ಡೈರಿಯಲ್ಲಿದೆ.

ಆಗ ನನಗೆ ಇಪ್ಪತ್ತು, ಬಿ.ಕಾಂ. ಎರಡನೇ ವರ್ಷ. ಹೈಸ್ಕೂಲಿನಿಂದ ಡೈರಿ ಬರೆಯುವವಳು. ಮನಸ್ಸಿನಲ್ಲಿ ಏನನ್ನಿಸಿತು ಎಂದು ಬರೆಯುವ ಚಟ ನನಗಿಲ್ಲ. ಏನು, ಯಾವತ್ತು, ಎಷ್ಟು, ಇಷ್ಟೇ. ಚಿಕ್ಕಪ್ಪ ನನ್ನನ್ನು ‘ಆಡಿಟರ್’ ಎಂದು ಕರೆಯುತ್ತಿದ್ದ. ಹೊಗಳಿಕೆಯಾಗಿ ಅಲ್ಲ.

ಚಿಕ್ಕಪ್ಪ, ಎಂದರೆ ಅಪ್ಪನ ತಮ್ಮ, ಎರಡು ವರ್ಷದ ಹಿಂದೆ ಶಿವಮೊಗ್ಗದ ಹೊರಗೆ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದ. ಅದನ್ನು ಬಡಾವಣೆ ಎಂದರೆ ಅವನಿಗೆ ಸಿಟ್ಟು.

“ಬಡಾವಣೆ ಅಲ್ಲ ಅಣ್ಣ, ಉಪನಗರ. ಬೋರ್ಡ್ ನೋಡಿಲ್ವಾ? ಇನ್ನೆರಡು ವರ್ಷ, ಗೋಪಾಳ ಬಡಾವಣೆಯೋರೆಲ್ಲ ನಮ್ ಕಡೆ ಮುಖ ಮಾಡ್ತಾರೆ. ನಮ್ಮನೆಯಿಂದ ಮೂರನೇ ಮನೆ ಖಾಲಿ ಇದೆ. ಈಗ ತಗೊಳ್ದಿದ್ರೆ ಆಮೇಲೆ ಅಲ್ಲಿ ಕಾಲಿಡೋಕೂ ಆಗಲ್ಲ.”

ಜೇಬಿನಿಂದ ಒಂದು ಬಣ್ಣದ ಕಾಗದ ತೆಗೆದು ಹಾಸಿದ. ಅದರಲ್ಲಿ ಎಲ್ಲವೂ ಹತ್ತಿರ. ರೈಲು ನಿಲ್ದಾಣ ಹತ್ತಿರ, ಕಾಲೇಜು ಹತ್ತಿರ, ಆಸ್ಪತ್ರೆ ಹತ್ತಿರ. ಊರಿನ ಇನ್ನೊಂದು ದಿಕ್ಕಿನಲ್ಲಿರುವ ತ್ಯಾವರೆಕೊಪ್ಪದ ಸಿಂಹಧಾಮವೂ ಹತ್ತಿರ.

“ಸಿಂಹಕ್ಕೆ ಬ್ಲೌಸ್ ಹೊಲೀಬೇಕಾ ನಾನು?” ಅಂದಳು ಅಮ್ಮ.

ಅವನು ಕಾದಿದ್ದದ್ದು ಇದಕ್ಕೇ. “ಅತ್ತಿಗೆ, ಅಲ್ಲಿ ಅರವತ್ತು ಮನೆ ಇದಾವೆ. ಅರವತ್ತು ಮನೆಗೂ ಒಬ್ಬ ಟೈಲರ್ ಇಲ್ಲ! ನೀವು ಮೆಷಿನ್ ಇಟ್ಟು ಕೂತ್ರೆ ಮಾರನೇ ದಿನ ಕ್ಯೂ.”

ಅಮ್ಮ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲೇನೂ ಅಚ್ಚಾಗಿರಲಿಲ್ಲ. “ಇದ್ದು ನೋಡ್ಬೇಕು,” ಅಂದಳು.

ಏಪ್ರಿಲಿನಲ್ಲಿ ಚಿಕ್ಕಮ್ಮನ ತವರಿನಲ್ಲಿ ಮದುವೆ, ಅವರಿಬ್ಬರೂ ಹದಿನೈದು ದಿನ ಹೋಗುವವರಿದ್ದರು. ಆ ಹದಿನೈದು ದಿನ ನಾವು ಅವರ ಮನೆಯಲ್ಲಿ ಇರುವುದೆಂದು ನಿಶ್ಚಯವಾಯಿತು. ಅಪ್ಪ ಉಳಿದಿದ್ದ ರಜೆ ಬರೆದು ಹಾಕಿದರು. ಅಮ್ಮ ಕಾಲಿನ ಸ್ಟ್ಯಾಂಡಿನಿಂದ ಮೆಷಿನ್ನಿನ ತಲೆ ಬಿಚ್ಚಿಸಿ, ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿ, ಜಮಖಾನದಲ್ಲಿ ಗಂಟು ಕಟ್ಟಿದಳು.

“ಹದಿನೈದು ದಿನಕ್ಕೆ ಮೆಷಿನ್ ಯಾಕೆ ಮಾರಾಯ್ತಿ?” ಅಂದರು ಅಪ್ಪ.

“ಮತ್ತೆ ನಾನಲ್ಲಿ ಏನು ನೋಡಕ್ಕೆ ಹೋಗೋದು? ಗೋಡೆನಾ?”

ಏಪ್ರಿಲ್ 11, ಭಾನುವಾರ ಹೊರಟೆವು. ಲೈನಿನ ಹೆಂಗಸರು ಬೀದಿಗೆ ಬಂದು ನಿಂತಿದ್ದರು. ಪಕ್ಕದ ಮನೆಯ ತಮಿಳಿನಾಕೆ ಬಸ್‌ಸ್ಟಾಪಿನವರೆಗೂ ಬಂದಳು. “ಅಕ್ಕಾ, ನನ್ನ ಅಳತೆ ಬ್ಲೌಸು ಬೇರೆ ಯಾರ ಹತ್ರನೂ ಇಲ್ಲಕ್ಕಾ. ನೀವು ಅಲ್ಲೇ ಸೆಟ್ಲಾಗ್ಬಿಟ್ರೆ ನಾನು ಸೀರೆ ಉಡೋದೇ ಬಿಟ್ಬಿಡ್ತೀನಿ, ನೈಟೀನೇ ಗತಿ,” ಎಂದು ಹೆದರಿಸಿದಳು. ಅಮ್ಮ ನಕ್ಕಳು.

ಶಿವಮೊಗ್ಗದ ಅಂಚಿನ ಗೋಪಾಳದ ಕೊನೆಯ ಸ್ಟಾಪಿನಲ್ಲಿ ಇಳಿದೆವು. ಅಲ್ಲಿಂದ ಉಪನಗರಕ್ಕೆ ಅರ್ಧ ಗಂಟೆಗೊಂದು ಬಸ್ಸು ಎಂದು ಕಾಗದದಲ್ಲಿತ್ತು. ಒಂದೂ ಕಾಲು ಗಂಟೆ ನಿಂತೆವು. ಬೀಡಾ ಅಂಗಡಿಯವನನ್ನು ಕೇಳಿದಾಗ ಅವನು, “ಬಿಡ್ತಾರಂತೆ, ಕೇಳಿದೀನಿ,” ಅಂದ. ಮೆಷಿನ್ನನ್ನು ಅಪ್ಪ ಒಂದಷ್ಟು ದೂರ, ನಾನೊಂದಷ್ಟು ದೂರ ಹೊತ್ತೆವು. ಮನೆಯ ಬಾಗಿಲಿಗೆ ನನ್ನ ಹೆಜ್ಜೆಯಲ್ಲಿ ಮೂರು ಸಾವಿರದ ಎಂಟುನೂರ ಇಪ್ಪತ್ತು. ಇದಕ್ಕೆ ಆ ಕಾಗದದ ಭಾಷೆಯಲ್ಲಿ ಹೆಸರು ‘ಹತ್ತಿರ’.

ಮೊದಲು ಕಾಣಿಸುವುದು ಕಮಾನು. ನಮ್ಮ ಕಾರ್ಖಾನೆಯ ಗೇಟಿಗಿಂತ ದೊಡ್ಡದು, ಎರಡು ಕಡೆ ಸೊಂಡಿಲೆತ್ತಿದ ಸಿಮೆಂಟಿನ ಆನೆಗಳು. ಕಮಾನಿನ ಆಚೀಚೆ ಗೋಡೆಯಿಲ್ಲ, ಬೇಲಿಯಿಲ್ಲ, ಬಯಲು. ದನಗಳು ಪಕ್ಕದಿಂದ ಆರಾಮಾಗಿ ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಕಾರಿನಲ್ಲಿ ಬಂದವರು ಮಾತ್ರ ಕಮಾನಿನ ಕೆಳಗೇ ಹೋಗುತ್ತಿದ್ದರು. ದನಗಳಿಗಿದ್ದ ಬುದ್ಧಿಯನ್ನು ನಾನು ಆ ಹದಿನೈದು ದಿನದಲ್ಲಿ ಆ ಬಡಾವಣೆಯ ಬೇರೆ ಯಾರಲ್ಲೂ ಕಾಣಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎಲ್ಲ ಕ್ರಾಸುಗಳಲ್ಲೂ ನಡೆದು ಮನೆ ಎಣಿಸಿದೆ. ನಿಂತ ಮನೆಗಳು ಮೂವತ್ತೆಂಟು. ಉಳಿದವು ಮುಳ್ಳುಗಿಡಗಳ ನಡುವಿನ ಕಲ್ಲುಗಳು. ಚಿಕ್ಕಪ್ಪ ಕಲ್ಲುಗಳನ್ನೂ ಮನೆಯೆಂದೇ ಎಣಿಸಿದ್ದ. ಕಟ್ಟಿದ ಮನೆಗಳಲ್ಲೂ ಎಷ್ಟರಲ್ಲಿ ಜನ ಇದ್ದಾರೆಂದು ತಿಳಿಯಲು ನನಗೊಂದು ಉಪಾಯವಿತ್ತು: ತಂತಿಯ ಮೇಲೆ ಬಟ್ಟೆ. ಮೂರು ದಿನ ನೋಡಿದೆ. ಬಟ್ಟೆ ಒಣಗಿದ ಮನೆಗಳು ಹದಿನೇಳು.

ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಹದಿನೈದು ದಿನದಲ್ಲಿ ಆರು ಸಲ. ಹೇಳಿದ ಹೊತ್ತಿಗೆ ಬಂದದ್ದು ಒಂದು ಸಲ, ಅದೂ ಹಿಂದಿನ ದಿನದ ಟ್ಯಾಂಕರ್ ತಡವಾಗಿ ಬಂದದ್ದರಿಂದ. ಬೀದಿ ಕಂಬಗಳಿದ್ದವು, ದೀಪಗಳಿರಲಿಲ್ಲ. ‘ಉದ್ಯಾನವನ’ ಎಂದು ಬರೆದ ಕಲ್ಲಿನ ಪಕ್ಕದಲ್ಲಿ ಯಾರೋ ಇಟ್ಟಿಗೆ ಒಟ್ಟಿದ್ದರು. ಇಷ್ಟಿದ್ದೂ ಆ ಹದಿನೇಳು ಮನೆಯವರಲ್ಲಿ ಯಾರನ್ನು ಮಾತಾಡಿಸಿದರೂ ಬರುವ ಉತ್ತರ ಒಂದೇ. “ಇನ್ನೆರಡು ವರ್ಷ ನೋಡಿ.” ಮನೆ ಕಟ್ಟಿ ನಾಲ್ಕು ವರ್ಷವಾದವನೂ ಎರಡೇ ವರ್ಷ ಅಂದ, ಆರು ತಿಂಗಳಾದವನೂ ಎರಡೇ ವರ್ಷ ಅಂದ. ಕಣ್ಣಿಗೆ ಕಾಣುವುದನ್ನು ನೋಡದೆ, ಕಾಣದಿರುವುದನ್ನು ಬೊಟ್ಟುಮಾಡಿ ತೋರಿಸುವ ಜನರನ್ನು ಅಷ್ಟು ಒತ್ತಾಗಿ ನಾನು ಮತ್ತೆಲ್ಲೂ ಕಂಡಿಲ್ಲ.

ಅಮ್ಮ ಮುಂದಿನ ಕೋಣೆಯ ಕಿಟಕಿಯ ಪಕ್ಕ, ಬೀದಿಗೆ ಕಾಣುವಂತೆ ಮೆಷಿನ್ ಇಟ್ಟು ಕೂತಳು. ಮೊದಲ ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಎದುರು ಮನೆಯಾಕೆ ಬಂದಳು. ತೀರ್ಥಹಳ್ಳಿ ಕಡೆಯ ತೋಟದವರು. ಮಕ್ಕಳ ಶಾಲೆಗೆಂದು ಇಲ್ಲಿ ಮನೆ ಮಾಡಿದ್ದರು, ಗಂಡ ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಅವಳ ಕೈಯಲ್ಲಿ ಒಂದು ಸೀರೆ ಇತ್ತು, ಕೆಳಗೆ ಫಾಲ್ಸ್ ಹಚ್ಚಬೇಕಂತೆ.

“ಬ್ಲೌಸ್ ಪೀಸು?” ಕೇಳಿದಳು ಅಮ್ಮ.

“ಬ್ಲೌಸಾ? ಅದೆಲ್ಲ ನಮ್ಗೆ ತೀರ್ಥಹಳ್ಳೀಲೇ ಆಗ್ತದೆ ಮಾರಾಯ್ರೆ. ಡಾಕ್ಟ್ರೂ ಅಲ್ಲೇ, ಟೈಲರ್ರೂ ಅಲ್ಲೇ. ಇದು ನಾಳೆ ಉಡ್ಲಿಕ್ಕೆ ಬೇಕು ಅಂತ ತಂದೆ. ರಜೆ ಬಂತಲ್ಲ, ನಾಳೆ ಊರಿಗೆ ಹೊರಡ್ತೀವಿ.”

“ಈ ಬೀದಿಲಿ ಬೇರೆಯೋರು?”

“ಎಲ್ಲಾ ಹಂಗೇ. ಮೂಲೆ ಮನೆಯೋರು ಸಾಗರಕ್ಕೆ ಹೋಗ್ತಾರೆ. ನಿಮ್ಮ ಓರಗಿತ್ತಿ ಗಾಂಧಿ ಬಜಾರಿನಲ್ಲಿ ಹೊಲಿಸ್ತಾರಲ್ಲ, ಗೊತ್ತಿಲ್ವ ನಿಮ್ಗೆ?”

ಓರಗಿತ್ತಿ ಎಂದರೆ ನಮ್ಮ ಚಿಕ್ಕಮ್ಮ. ಅಮ್ಮನಿಗೆ ಗೊತ್ತಿರಲಿಲ್ಲ. ಇಲ್ಲಿ ಟೈಲರೇ ಇಲ್ಲ, ಜನ ಒದ್ದಾಡುತ್ತಿದ್ದಾರೆ ಎಂದು ನಮ್ಮ ಮನೆಯಲ್ಲಿ ಕೂತು ಹೇಳಿ ಹೋಗಿದ್ದು ಆಕೆಯ ಗಂಡ. ಆ ದಿನದ ಪುಟದಲ್ಲಿ ನಾನು ಬರೆದೆ: ‘ಇಲ್ಲಿ ಮನೆ ಇರುವವರೆಲ್ಲ ಇನ್ನೆಲ್ಲೋ ವಾಸವಾಗಿದ್ದಾರೆ.’ ಆಮೇಲೆ ನಾನು ಕಂಡದ್ದು ಯಾವುದೂ ಈ ವಾಕ್ಯವನ್ನು ಸುಳ್ಳು ಮಾಡಲಿಲ್ಲ.

ಅದೇ ಮೂರನೇ ದಿನ, ಏಪ್ರಿಲ್ 13, ಹಿತ್ತಿಲ ನಲ್ಲಿ ಸೋರತೊಡಗಿತು. ಆರು ಸಲ ಮಾತ್ರ ಬರುವ ನೀರು ಹನಿಹನಿಯಾಗಿ ಹೋಗುತ್ತಿದ್ದರೆ ಅಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು, ಮುಟ್ಟಲಿಲ್ಲ.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ಮೂವತ್ತೈದು ವರ್ಷ ಆಳೆತ್ತರದ ಯಂತ್ರಗಳನ್ನು ಬಿಚ್ಚಿ ಜೋಡಿಸಿದವರು. ಆದರೆ ಕ್ವಾರ್ಟರ್ಸಿನ ಮನೆಯಲ್ಲಿ ಒಂದು ವಾಷರ್ ಕೂಡ ಬದಲಿಸಿದವರಲ್ಲ. ನಲ್ಲಿ, ಚಿಲಕ, ಹೆಂಚು, ಬೀದಿ ದೀಪ, ಏನು ಕೆಟ್ಟರೂ ಮೇಂಟೆನೆನ್ಸ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಬುಕ್ಕಿನಲ್ಲಿ ಬರೆಯಬೇಕು. ತಾರೀಖು, ಮನೆ ನಂಬರು, ದೂರು. ಎರಡು ದಿನದಲ್ಲಿ ಏಣಿ ಹೊತ್ತುಕೊಂಡು ಯಾರಾದರೂ ಬರುತ್ತಾರೆ. ಬರದಿದ್ದರೆ ಹಿಂದಿನ ತಾರೀಖು ನಮೂದಿಸಿ ಕೆಂಪು ಶಾಯಿಯಲ್ಲಿ ಜ್ಞಾಪನೆ. ಮನೆ ನಮ್ಮದಲ್ಲ, ಕಂಪನಿಯದು. ನಾವೇ ಕೈ ಹಾಕುವುದು ತಪ್ಪು. ಕ್ವಾರ್ಟರ್ಸಿನಲ್ಲಿ ಬೆಳೆದ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ನನಗೂ ಅನ್ನಿಸಲಿಲ್ಲ. ಆದ್ದರಿಂದ ಅಪ್ಪ ಅಂಗಿ ಹಾಕಿಕೊಂಡು, ಪೆನ್ನು ಸಿಕ್ಕಿಸಿಕೊಂಡು, “ಆಫೀಸ್ ಎಲ್ಲಿದೆ ನೋಡ್ಕೊಂಡ್ ಬರ್ತೀನಿ,” ಎಂದು ಹೊರಟಾಗ ನಾವಿಬ್ಬರೂ ಸುಮ್ಮನೆ ತಲೆಯಾಡಿಸಿದೆವು.

ಕಮಾನಿನ ಪಕ್ಕ ತಗಡಿನ ಶೆಡ್ಡಿನಲ್ಲಿ ಒಂದು ಆಫೀಸಿತ್ತು. ಗೋಡೆಗೆ ನಕ್ಷೆ, ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕ. ಸೈಟು ನೋಡಲು ಬಂದವರ ಹತ್ತಿರ ಅದರಲ್ಲಿ ಹೆಸರು, ಊರು, ಅಭಿಪ್ರಾಯ ಬರೆಸಿಕೊಳ್ಳುತ್ತಿದ್ದರು. ಮುಂದೆ ಬಂದವರಿಗೆ ಅದನ್ನೇ ತೋರಿಸಿ, ನೋಡಿ ಎಷ್ಟು ಜನ ಎಂಥೆಂಥ ಮಾತು ಬರೆದಿದ್ದಾರೆ ಎನ್ನುತ್ತಿದ್ದರು. ಅಪ್ಪ ಹೋಗಿ, “ಬುಕ್ಕು ಎಲ್ಲಿದೆ? ಬರೀಬೇಕಿತ್ತು,” ಎಂದಾಗ ಆಫೀಸಿನವನಿಗೆ ಹಿಗ್ಗು. ಗಿರಾಕಿ ತಾನಾಗಿಯೇ ಕೇಳುತ್ತಿದ್ದಾನೆ! “ಬರೀರಿ ಸಾರ್, ಧಾರಾಳವಾಗಿ ಬರೀರಿ,” ಎಂದು ಕುರ್ಚಿ ಎಳೆದು ಕೊಟ್ಟನಂತೆ. ‘ಪ್ರಶಾಂತ ವಾತಾವರಣ’, ‘ಉಜ್ವಲ ಭವಿಷ್ಯವಿದೆ’ ಎಂಬ ಸಾಲುಗಳ ಕೆಳಗೆ ಅಪ್ಪ ಬರೆದರು: ‘5ನೇ ಕ್ರಾಸ್, ಮನೆ ನಂ. 23. ಹಿತ್ತಿಲ ನಲ್ಲಿ ಸೋರುತ್ತಿದೆ. ವಾಷರ್ ಬದಲಿಸುವುದು. ಬೀದಿ ದೀಪ ಇಲ್ಲ.’ ಆಫೀಸಿನವನು ಓದಲೂ ಇಲ್ಲ. ಟೀ ತರಿಸಿಕೊಟ್ಟ.

“ಒಳ್ಳೇ ಮನುಷ್ಯ. ನಮ್ ಆಫೀಸಿನಲ್ಲಿ ಒಂದಿನ ಟೀ ಕೊಟ್ಟಿಲ್ಲ,” ಅಂದರು ಅಪ್ಪ ಮನೆಗೆ ಬಂದು.

ಎರಡು ದಿನ ಕಳೆಯಿತು, ಯಾರೂ ಬರಲಿಲ್ಲ. 15ನೇ ತಾರೀಖು ಗೋಪಾಳದವರೆಗೆ ನಡೆದು ಕೆಂಪು ಪೆನ್ನು ತಂದು ಮೊದಲನೇ ಜ್ಞಾಪನೆ ಬರೆದರು. ದಾರಿಯಲ್ಲಿ ಸಿಕ್ಕ ಇಬ್ಬರು ಮೂವರಿಗೆ, “ಸುಮ್ನೆ ಗೊಣಗಿದ್ರೆ ಆಗಲ್ಲ ಸ್ವಾಮಿ, ಬುಕ್ಕಿನಲ್ಲಿ ಹಾಕ್ಬೇಕು,” ಎಂದು ಬುದ್ಧಿಯನ್ನೂ ಹೇಳಿದರಂತೆ.

18, ಭಾನುವಾರ, ಎರಡನೇ ಜ್ಞಾಪನೆ. ಆ ದಿನ ನಾನೂ ಜೊತೆಗೆ ಹೋದೆ. ಶೆಡ್ಡಿನಲ್ಲಿ ಚನ್ನಗಿರಿ ಕಡೆಯಿಂದ ಬಂದ ಒಂದು ಕುಟುಂಬ ಕೂತಿತ್ತು. ಅವರಲ್ಲಿದ್ದ ಮುದುಕರಿಗೆ ಆಫೀಸಿನವನು ಪುಸ್ತಕ ಕೊಟ್ಟು, “ನೀವೇ ಓದಿ ಯಜಮಾನ್ರೇ, ಜನ ಏನಂತಾರೆ ಅಂತ,” ಎನ್ನುತ್ತಿದ್ದ. ಮುದುಕರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“‘ಮನೆ ನಂ. 9. ನಾಲ್ಕು ದಿನದಿಂದ ನೀರಿಲ್ಲ.’ ಹ್ಞೂ. ‘ಚರಂಡಿ ಯಾವ ಕಡೆ ಬರುತ್ತದೆಂದು ದಯವಿಟ್ಟು ತಿಳಿಸುವುದು.’ ‘ಉದ್ಯಾನವನದ ಇಟ್ಟಿಗೆ ಯಾರದು?’ ‘ಬಸ್ಸು ಬಿಡುವುದು ಯಾವಾಗ?’ ಇದೇನಪ್ಪ ಇದು, ಕೆಂಪು ಅಕ್ಷರದಲ್ಲಿ ‘ಜ್ಞಾಪನೆ ಒಂದು’ ಅಂತಿದೆ?”

ಆಫೀಸಿನವನು ಪುಸ್ತಕ ಕಿತ್ತುಕೊಂಡ. ಮುದುಕರು ಎದ್ದು, “ಆಗ್ಲಿ, ಎರಡನೇ ಜ್ಞಾಪನೆ ಬಂದ್ಮೇಲೆ ಬರ್ತೀವಿ,” ಎಂದು ಮಗನನ್ನೂ ಸೊಸೆಯನ್ನೂ ಎಬ್ಬಿಸಿಕೊಂಡು ಕಾರು ಹತ್ತಿದರು.

“ಅದಕ್ಕೇ ಬಂದಿದೀನಿ,” ಅಂದರು ಅಪ್ಪ ಬಾಗಿಲಲ್ಲಿ ನಿಂತು, ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತ.

ಆಮೇಲಿನ ಮಾತುಗಳನ್ನು ಮನೆಗೆ ಬಂದ ಕೂಡಲೇ ಬರೆದಿಟ್ಟೆ, ಒಂದಕ್ಷರ ತಪ್ಪಿಲ್ಲ.

“ಏನ್ ಸಾರ್ ನೀವು! ಇದು ಗೆಸ್ಟ್ ಬುಕ್ಕು! ನೀವು ಶುರು ಮಾಡಿದ್ದು ನೋಡಿ ಎಲ್ಲ ಬಂದು ಬರ್ದಿದಾರೆ!”

“ಹಂಗಾದ್ರೆ ಕಂಪ್ಲೇಂಟ್ ಬುಕ್ ಎಲ್ಲಿದೆ?”

“ಕಂಪ್ಲೇಂಟ್ ಬುಕ್ಕೇ ಇಲ್ಲ ಇಲ್ಲಿ!”

“ಮತ್ತೆ ನಲ್ಲಿ ಯಾರು ರಿಪೇರಿ ಮಾಡ್ತಾರೆ?”

“ನೀವೇ ಮಾಡ್ಕೋಬೇಕು! ಅಲ್ಲಾ ಸಾರ್, ಹೊರಗಿನೋರು ಬರ್ದಿದ್ರೆ ಬೇರೆ ಮಾತು. ನಿಮ್ದು ಕನ್ಫರ್ಮ್ ಪಾರ್ಟಿ. ನಿಮ್ ತಮ್ಮನೇ ಬರ್ದು ಹೋಗಿದಾರೆ, ಐದನೇ ಕ್ರಾಸಿಗೆ ಹತ್ತನೇ ಮನೆ ನಿಮ್ದು. ಹತ್ತು ಮನೆ ಆದ ಕ್ರಾಸಿಗೆ ಮೊದ್ಲು ಟಾರು ಅಂತ ನಾವೂ ಒಪ್ಕೊಂಡಿದೀವಿ. ನಿಮ್ ರೋಡಿಗೆ ನೀವೇ ಕಲ್ಲು ಹಾಕ್ಕೊಂಡ್ರೆ ಹೆಂಗೆ?”

ಅಪ್ಪನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಮೇಜಿನ ಮೇಲಿದ್ದ ಪುಸ್ತಕ ಎಳೆದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದೆ. ಚಿಕ್ಕಪ್ಪನ ಅಕ್ಷರ ಹುಡುಕುವುದು ಕಷ್ಟವಲ್ಲ, ಪ್ರತಿ ಸಾಲೂ ಮೇಲಕ್ಕೆ ಏರುತ್ತ ಹೋಗುತ್ತದೆ. ಅಪ್ಪನ ಹೆಸರು, ಭದ್ರಾವತಿ, ಅಭಿಪ್ರಾಯದ ಜಾಗದಲ್ಲಿ ‘ಖಚಿತ’. ತಾರೀಖು ಫೆಬ್ರವರಿ 27, ಶನಿವಾರ.

ಅವನು ನಮ್ಮ ಮನೆಗೆ ಬಂದು ಕಾಗದ ಹಾಸಿದ್ದು ಮಾರ್ಚ್ 21ಕ್ಕೆ. ಅದಕ್ಕೂ ಇಪ್ಪತ್ತೆರಡು ದಿನ ಮೊದಲೇ ನಾವು ಖಚಿತವಾಗಿದ್ದೆವು. ಅಮ್ಮನ ಅರವತ್ತು ಮನೆ, ಮಾರನೇ ದಿನದ ಕ್ಯೂ, ಎಲ್ಲವೂ ಆಮೇಲೆ ಹೊಲಿದ ಮಾತು. ಅವನ ಮನೆ ಮುಂದೆ ಡಾಂಬರು ಬೀಳಲು ಒಂದು ಮನೆ ಕಡಿಮೆಯಿತ್ತು, ಅಲ್ಲಿಗೆ ನಾವು. ಮೇಲಿನ ಸಾಲುಗಳನ್ನೂ ನೋಡಿದೆ. ಐದನೇ ಕ್ರಾಸಿನ ಉಳಿದ ಒಂಬತ್ತರಲ್ಲಿ ಆರು ‘ಖಚಿತ’ಗಳು ಮೇಲಕ್ಕೇರುವ ಅದೇ ಅಕ್ಷರದಲ್ಲಿದ್ದವು. ಇನ್ನೆಷ್ಟು ಮನೆಗಳಲ್ಲಿ ಕೂತು ಎಷ್ಟು ಒಬ್ಬಟ್ಟು ತಿಂದಿದ್ದನೋ.

ದಾರಿಯುದ್ದಕ್ಕೂ ಅಪ್ಪ ಒಂದೇ ಮಾತಾಡಿದರು. “ಕಂಪ್ಲೇಂಟ್ ಬುಕ್ ಇಲ್ದೆ ಊರು ಹೆಂಗೆ ನಡೆಸ್ತಾರೆ ಇವ್ರು?”

ಅಮ್ಮನಿಗೆ ಎಲ್ಲ ಹೇಳಿದೆ. ಡೈರಿ ತೆಗೆದು ಎರಡೂ ತಾರೀಖು ತೋರಿಸಿದೆ. ಅವಳು ಬೈಯುತ್ತಾಳೆ, ಇವತ್ತೇ ಹೊರಡೋಣ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ದಾರ ಪೋಣಿಸುತ್ತಿದ್ದಳು.

“ಅವ್ನು ಸುಳ್ಳು ಹೇಳಿದ ಅಂದ್ರೆ ಊರು ಕೆಟ್ಟದ್ದು ಅಂತ ಆಯ್ತಾ? ಹದಿನೈದು ದಿನ ಅಂದಿದೀವಿ. ಇನ್ನೂ ಏಳು ದಿನ ಇದೆ. ನಂಗೆ ಕೆಲಸ ಸಿಗುತ್ತೋ ಇಲ್ವೋ, ಅಷ್ಟೇ ನೋಡೋಣ.”

ನನ್ನ ಸಿಟ್ಟಿಗಿಂತ ಅವಳ ಮಾತು ನ್ಯಾಯವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಾರನೇ ದಿನ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ನನ್ನನ್ನು ಕರೆದುಕೊಂಡು ಬಟ್ಟೆ ಒಣಗುವ ಮನೆಗಳಿಗೆಲ್ಲ ಹೋಗಿ, ಬ್ಲೌಸ್ ಹೊಲೀತೀನಿ, ಒಂದು ಅಳತೆ ಬ್ಲೌಸ್ ಕೊಟ್ಟಿರಿ ಎಂದು ಕೇಳಿದಳು. ಹದಿನಾರು ವರ್ಷದಲ್ಲಿ ಅವಳು ಯಾರ ಬಾಗಿಲಿಗೂ ಹೋಗಿ ಕೆಲಸ ಕೇಳಿದ್ದಿಲ್ಲ. ತೋಟದವರು ಊರಿಗೆ ಹೋಗಿದ್ದರಿಂದ ಉಳಿದದ್ದು ಹದಿನಾರು ಮನೆ. ಅದರಲ್ಲಿ ಒಂದು ಚಿಕ್ಕಪ್ಪನದೇ, ಅಂದರೆ ಹದಿನೈದು. ನಾಲ್ಕರಲ್ಲಿ ಬಾಗಿಲ ಸರಪಳಿ ತೆಗೆಯದೆ ಮಾತಾಡಿದರು. ಮೂರರಲ್ಲಿ ಕೂರಿಸಿ ಕಾಫಿ ಕೊಟ್ಟರು. ಒಬ್ಬಾಕೆ ಅಳತೆ ಬ್ಲೌಸ್ ಎಂಬ ಮಾತಿಗೇ ಮುಖ ಕಿವುಚಿ, “ಹಾಕ್ಕೊಂಡಿದ್ದು ಕೊಡೋದಾ? ಅಯ್ಯ, ಯಾರಾದ್ರೂ ಹಂಗೆ ಕೊಡ್ತಾರಾ?” ಅಂದಳು. ನಮ್ಮ ಲೈನಿನಲ್ಲಿ ಐವತ್ತೆರಡು ಹೆಂಗಸರು ಕೊಟ್ಟಿದ್ದಾರೆ ಎಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ನನ್ನ ಕೈ ಅದುಮಿದಳು. ಮೆಟ್ಟಿಲಿಳಿದ ಮೇಲೆ, “ಕೊಡಲ್ಲ ಬಿಡು. ಗುರುತು ಪರಿಚಯ ಇಲ್ದೋರಿಗೆ ನಾನಾದ್ರೂ ಕೊಡ್ತಿದ್ನಾ?” ಅಂದಳು.

ಹದಿನೈದು ದಿನದ ಕೊನೆಗೆ ಅಮ್ಮನ ಕೈಗೆ ಬಂದ ಕೆಲಸ: ಸೀರೆಗೆ ಫಾಲ್ಸ್ ಒಂದು, ದಿಂಬಿನ ಚೀಲ ಎರಡು, ಕಿಟಕಿ ಪರದೆ ಒಂದು. ರವಿಕೆ ಸೊನ್ನೆ. ಬಿಡುವಿದ್ದಾಗ ಅವಳು ಚಿಕ್ಕಮ್ಮನ ಮನೆಯ ಹರಿದ ದಿಂಬು, ಹೊದಿಕೆ ಎಲ್ಲವನ್ನೂ ಹೊಲಿದಿಟ್ಟಳು. ಕೈ ಸುಮ್ಮನಿದ್ದರೆ ಅವಳಿಗೆ ತಲೆನೋವು ಬರುತ್ತಿತ್ತು, ಆ ಹದಿನೈದು ದಿನದಲ್ಲಿ ಒಂಬತ್ತು ದಿನ ತಲೆನೋವು.

ಏಪ್ರಿಲ್ 25ರ ಬೆಳಿಗ್ಗೆ ಚಿಕ್ಕಪ್ಪ, ಚಿಕ್ಕಮ್ಮ ವಾಪಸಾದರು. ಅವನು ಬಂದದ್ದು ಶೆಡ್ಡಿನ ಮುಂದಿನಿಂದಲೇ, ಎಲ್ಲ ಕೇಳಿಕೊಂಡೇ ಬಂದಿದ್ದ. ಚಪ್ಪಲಿ ಬಿಡುವ ಮುಂಚೆ ಶುರು ಮಾಡಿದ.

“ಏನಣ್ಣ, ಮರ್ಯಾದೆ ತೆಗೆದ್ಬಿಟ್ಯಲ್ಲೋ! ಚನ್ನಗಿರಿ ಪಾರ್ಟಿ ಎದ್ದು ಹೋಯ್ತಂತೆ. ಒಂದು ವಾಷರ್ ಹಾಕೋಕೆ ಬರಲ್ವಾ ನಿಂಗೆ? ಫಿಟ್ಟರ್ ಅಂತೆ ಫಿಟ್ಟರ್!”

“ನಲ್ಲಿ ನಿಂದು ಕಣೋ,” ಅಂದರು ಅಪ್ಪ. “ನಾನು ಹೆಂಗೆ ಕೈ ಹಾಕ್ಲಿ?”

“ಮತ್ತೆ ಈ ಆಡಿಟರ್ರು! ಇವಳು ಅಲ್ಲಿ ಬುಕ್ಕೆಲ್ಲ ಚೆಕ್ ಮಾಡಿದ್ಳಂತೆ.”

“ಫೆಬ್ರವರಿ 27, ಶನಿವಾರ,” ಅಂದೆ ನಾನು.

ಅವನು ಕುರ್ಚಿಯಲ್ಲಿ ಕುಸಿದು, ದನಿ ಇಳಿಸಿ ಹೇಳಿದ. “ಎರಡು ವರ್ಷದಿಂದ ಇಲ್ಲಿ ಕತ್ತೆ ಹಂಗೆ ಕಾಯ್ತಾ ಇದೀನಿ ಅಣ್ಣ. ಮಳೆಗಾಲದಲ್ಲಿ ಸ್ಕೂಟರ್ ಕಮಾನಿನ ಹತ್ರ ಬಿಟ್ಟು ಕೆಸರಲ್ಲಿ ನಡ್ಕೊಂಡ್ ಬರ್ತೀನಿ. ಸಂಜೆ ಆದ್ರೆ ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ನೀವಾದ್ರೂ ಬಂದ್ರೆ ಅಂತ...”

ಇದು ನಿಜವಿರಬಹುದು. ಬರೆದುಕೊಂಡಿದ್ದೇನೆ. ಆದರೆ ತಾನು ಬಿದ್ದ ಗುಂಡಿಯಿಂದ ಏಳುವ ಬದಲು, ಜೊತೆಗಿರಲಿ ಎಂದು ಅಣ್ಣನ ಸಂಸಾರವನ್ನೂ ಒಳಗೆ ಕರೆಯುವವನ ಒಂಟಿತನಕ್ಕೆ ಮರುಗುವಷ್ಟು ದೊಡ್ಡ ಮನಸ್ಸು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಮ್ಮನಿಗೆ ಸ್ವಲ್ಪ ಇತ್ತು. ಅವಳು ಅವನಿಗೆ ನೀರು ಕೊಟ್ಟಳು.

“ನೋಡಪ್ಪ,” ಅಂದಳು. “ನೀನು ಸುಳ್ಳು ಹೇಳ್ದೆ ಅಂತ ನಾವು ಹೋಗ್ತಿಲ್ಲ. ನಿಮ್ಮ ಉಪನಗರ ನಿಜವಾಗ್ಲೂ ಬೆಳೆದ್ರೂ ಬೆಳೀಬಹುದು. ಬೆಳೆಯೋ ತನಕ ನಾನು ಇಲ್ಲಿ ಏನು ಹೊಲೀಲಿ? ಎರಡು ವರ್ಷ ಆಗುತ್ತೋ ಹತ್ತು ವರ್ಷ ಆಗುತ್ತೋ, ಅಷ್ಟೊತ್ತಿಗೆ ನನ್ನ ಕಣ್ಣು ಇರುತ್ತೋ ಇಲ್ವೋ. ರೋಡ್ ಆದ್ಮೇಲೆ ಹೇಳು, ನೋಡ್ಕೊಂಡು ಹೋಗೋಕೆ ಬರ್ತೀವಿ.”

“ಹಂಗಾದ್ರೆ ಬುಕ್ಕಿನಲ್ಲಿ ಖಚಿತ ಅಂತ ಇದೆಯಲ್ಲ, ಅದ್ನ ಏನ್ ಮಾಡೋದು?” ಎಂದು ಕೇಳಿದ ಚಿಕ್ಕಪ್ಪ. ನಾಚಿಕೆಯಿಲ್ಲದೆ ಕೇಳಿದ.

“ಅದು ನಿನ್ನ ಅಕ್ಷರ. ನೀನೇ ಹೊಡೆದ್ಹಾಕು.”

ಗೋಪಾಳಕ್ಕೆ ಹೋಗುವಾಗ ಅಪ್ಪ ಮೆಷಿನ್ನನ್ನು ನನಗೆ ಕೊಡದೆ ಪೂರ್ತಿ ದಾರಿ ತಾವೇ ಹೊತ್ತರು. ನಾನು ಹೆಜ್ಜೆ ಎಣಿಸಲಿಲ್ಲ.

ಮುಂದಿನ ಐದು ತಿಂಗಳು ನಾವು ಭದ್ರಾವತಿಯಲ್ಲಿ ಮನೆ ಹುಡುಕಿದೆವು, ನೋಡಿದ್ದು ಹದಿಮೂರು. ಅಪ್ಪ ಪ್ರತಿ ಮನೆಯಲ್ಲೂ ನಲ್ಲಿ ತಿರುಗಿಸಿ ನೋಡಿದರು, ಅಮ್ಮ ಕ್ವಾರ್ಟರ್ಸಿನಿಂದ ನಡೆದು ಬರಲು ಎಷ್ಟು ಹೊತ್ತು ಎಂದು ನೋಡಿದಳು. ಹದಿಮೂರನೆಯದು ಕ್ವಾರ್ಟರ್ಸಿನ ಗೋಡೆಯಾಚೆಗಿನ ಓಣಿಯಲ್ಲಿತ್ತು. ಎರ‍ಡೇ ಕೋಣೆ, ಅದರಲ್ಲೊಂದಕ್ಕೆ ಗಾಳಿಯಿಲ್ಲ, ಅಡಿಗೆಮನೆಯಲ್ಲಿ ಇಬ್ಬರು ನಿಲ್ಲುವಂತಿಲ್ಲ. ಬಾಗಿಲು ಮಾತ್ರ ನೇರ ಬೀದಿಗೆ. ಅಪ್ಪನ ಗಂಟು ಅದಕ್ಕೇ ಹೋಯಿತು. ಅಕ್ಟೋಬರಿನಲ್ಲಿ ಅಲ್ಲಿಗೆ ಹೋದೆವು. ಮೊದಲ ತಿಂಗಳು ರವಿಕೆ ಮೂವತ್ತೊಂಬತ್ತು. ತಮಿಳಿನಾಕೆ ಎರಡನೇ ದಿನವೇ ನಾಲ್ಕು ಪೀಸು ತಂದು, “ಅಕ್ಕಾ, ನಾನು ನೈಟಿ ತಗೊಂಡಿದ್ದೇ ವೇಸ್ಟಾಯ್ತು,” ಎಂದು ಬೈದು ಹೋದಳು.

ನೆಂಟರೆಲ್ಲ ನಮ್ಮನ್ನು ಆಡಿಕೊಂಡರು. ಎಲ್ಲರೂ ಶಿವಮೊಗ್ಗದ ಕಡೆ ಹೋಗುತ್ತಿದ್ದರೆ ಇವರು ಗೋಡೆಯ ಈ ಕಡೆಯಿಂದ ಆ ಕಡೆಗೆ ಹೋದರು ಅಂದರು. ಹಾಗೆ ಅಂದವರಲ್ಲಿ ಇಬ್ಬರು ಆಮೇಲೆ ಉಪನಗರದಲ್ಲಿ ಸೈಟು ಕೊಂಡರು. ಇಬ್ಬರೂ ಇವತ್ತಿಗೂ ಅಲ್ಲಿ ಮನೆ ಕಟ್ಟಿಲ್ಲ. ಇನ್ನೆರಡು ವರ್ಷ ಎನ್ನುತ್ತಾರೆ.

ಅಮ್ಮ ಆ ಓಣಿಯ ಮನೆಯಲ್ಲಿ 2007ರ ಜೂನಿನವರೆಗೆ ಹೊಲಿದಳು. ನನ್ನ ಪದವಿ, ಆಮೇಲೆ ನನ್ನ ಮದುವೆ, ಅಪ್ಪನ ಕಣ್ಣಿನ ಆಪರೇಷನ್ನು, ಎಲ್ಲ ಆ ಎಂಟು ವರ್ಷದಲ್ಲೇ ಆದದ್ದು. ಸೂಜಿಯ ಕಣ್ಣು ಕಾಣದೆ ದಾರ ಪೋಣಿಸಲು ದಿನಕ್ಕೆ ಮೂರು ಸಲ ಬೇರೆಯವರನ್ನು ಕರೆಯುವಂತಾದಾಗ ತಾನೇ ನಿಲ್ಲಿಸಿದಳು.

ಹೋದ ವರ್ಷ, 2008ರ ಡಿಸೆಂಬರಿನಲ್ಲಿ, ಚಿಕ್ಕಪ್ಪ ಫೋನ್ ಮಾಡಿದ್ದ. ನಾನು ತವರಿಗೆ ಬಂದಿದ್ದೆ, ಸ್ಪೀಕರ್ ಹಾಕಿದೆ. ಐದನೇ ಕ್ರಾಸಿಗೆ ಡಾಂಬರು ಬಂದು ಎರಡು ವರ್ಷವಾಯಿತಂತೆ. ಬೇಕರಿ, ಮೆಡಿಕಲ್ ಶಾಪು ಬಂದಿವೆಯಂತೆ, ಆ ತಿಂಗಳಷ್ಟೇ ಒಬ್ಬಾಕೆ ಹೊಲಿಗೆ ಅಂಗಡಿಯನ್ನೂ ಇಟ್ಟಳಂತೆ, ಸಂಜೆಯಾದರೆ ಜನವೋ ಜನವಂತೆ.

“ಅವತ್ತು ನನ್ನ ಮಾತು ಕೇಳ್ಲಿಲ್ಲ ನೀವು. ಈಗೇನಂತೀರಿ ಅತ್ತಿಗೆ? ಬೆಳೀತಾ ಇಲ್ವಾ?”

“ಬೆಳೀಲಿ ಬಿಡಪ್ಪ, ಸಂತೋಷ,” ಅಂದಳು ಅಮ್ಮ. “ಕಾಯೋರು ಕಾದ್ರು. ನಂಗೆ ಕೆಲಸ ಇತ್ತು.”